ಸೀಮೆಸುಣ್ಣದ ಬಂಡೆಗಳ ಕಡಲಿನಲ್ಲಿ ಆರತಿ ಸಾಹಾ

ಬಾವಿಯ ನೀರಿನಲ್ಲಿ ಈಜು ಕಲಿತವನಿಗೆ ಕಡಲು ಬೇರೆಯೇ ಒಂದು ಲೋಕ. ಮಲಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದ ನಾನು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಸಿಕೊಂಡು, ಚಿಕ್ಕಪ್ಪನವರ ಕೈಯಿಂದ ನೂಕಿಸಿಕೊಂಡು, ತೋಟದ ಬಾವಿಯಲ್ಲಿ ಕೈಕಾಲು ಬಡಿಯುವುದನ್ನು ಕಲಿತವನು. ಆ ಬಾವಿಗೆ ನಾಲ್ಕೂ ಕಡೆ ಗೋಡೆಯಿತ್ತು. ಎತ್ತ ಹೋದರೂ ಹತ್ತು ಮಾರು ದೂರದಲ್ಲಿ ಕಲ್ಲು ಕೈಗೆ ಸಿಗುತ್ತಿತ್ತು. ನೀರು ನಿಂತ ನೀರು. ಅದು ನಮ್ಮನ್ನು ಎಲ್ಲಿಗೂ ಒಯ್ಯುತ್ತಿರಲಿಲ್ಲ. ಈಜು ಎಂದರೆ ಇಷ್ಟೇ ಎಂದು ಅರವತ್ತು ವರ್ಷಗಳ ಕಾಲ ನಂಬಿಕೊಂಡಿದ್ದವನ ಭ್ರಮೆ ಹರಿದದ್ದು ಇಂಗ್ಲೆಂಡಿನ ಡೋವರ್ ಎಂಬ ಊರಿನ ಕಡಲ ದಂಡೆಯಲ್ಲಿ.

ಕೆಲವು ವರ್ಷಗಳ ಹಿಂದೆ, ಉದ್ಯೋಗನಿಮಿತ್ತ ಲಂಡನ್ನಿನಲ್ಲಿರುವ ಮಗನ ಮನೆಗೆ ನಾನೂ ನನ್ನ ಧರ್ಮಪತ್ನಿಯೂ ಹೋಗಿದ್ದೆವು. ಆಗಸ್ಟ್ ತಿಂಗಳ ಒಂದು ಭಾನುವಾರ ಮಗ ನಮ್ಮನ್ನು ಡೋವರಿಗೆ ಕರೆದೊಯ್ದ. ಬಂದರಿನ ಒಳಗಡೆ, ಅಲೆತಡೆಯ ಗೋಡೆಯ ರಕ್ಷಣೆಯಲ್ಲಿ, ಇಪ್ಪತ್ತು ಮೂವತ್ತು ಜನ ಈಜುತ್ತಿದ್ದರು. ಅವರಲ್ಲಿ ಹೆಂಗಸರೂ ಇದ್ದರು, ತಲೆ ನರೆತವರೂ ಇದ್ದರು. ದಡದಲ್ಲಿದ್ದ ಕೆಲವರು ಗಂಟೆಗೊಮ್ಮೆ ನೀರಿನ ಅಂಚಿಗೆ ಹೋಗಿ ಅವರಿಗೆ ಬೆಚ್ಚನೆಯ ಪಾನೀಯ ಕೊಡುತ್ತಿದ್ದರು. ಕುಡಿದವರು ಮರುಮಾತಿಲ್ಲದೆ ಮತ್ತೆ ನೀರಿಗೆ ತಿರುಗುತ್ತಿದ್ದರು. ನಾವು ಎರಡೆರಡು ಸ್ವೆಟರ್ ತೊಟ್ಟು ನಿಂತಿದ್ದೆವು.

“ಏನ್ರೀ, ಇವರಿಗೆ ಥಂಡಿ ಹತ್ತೂದಿಲ್ಲೇನು? ಯಾವಾಗ ಹೊರಗ ಬರ್ತಾರಂತ?” ಎಂದು ನನ್ನಾಕೆ ಕೇಳಿದಳು.

ಮಗ ವಿಚಾರಿಸಿಕೊಂಡು ಬಂದು ಹೇಳಿದ: “ಅವ್ವಾ, ಇವರು ಇವತ್ತ ಆರು ತಾಸು ಈಜತಾರಂತ. ಇದು ಬರೇ ತಾಲೀಮು. ಮುಂದಿನ ತಿಂಗಳ ಇವರು ಫ್ರಾನ್ಸಿಗೆ ಈಜಿ ಹೋಗಬೇಕು.”

ಆ ದಿನ ಆಕಾಶ ನಿರ್ಮಲವಾಗಿತ್ತು. ದಿಗಂತದಲ್ಲಿ ಬೂದುಬಣ್ಣದ ಒಂದು ಗೆರೆ ಎಳೆದಂತೆ ಫ್ರಾನ್ಸ್ ದೇಶದ ತೀರ ಕಾಣುತ್ತಿತ್ತು. ಅದನ್ನು ನೋಡುತ್ತ ನಿಂತಾಗ ನನಗೆ ನೆನಪಾದದ್ದು ಕಲಕತ್ತೆಯ ಆರತಿ ಸಾಹಾ. ನಮ್ಮ ಬಾಲ್ಯದಲ್ಲಿ ಪತ್ರಿಕೆಗಳಲ್ಲಿ ಓದಿ, ಶಾಲೆಯಲ್ಲಿ ಗುರುಗಳ ಬಾಯಿಂದ ಕೇಳಿ, ಆಮೇಲೆ ಮರೆತೇಹೋದ ಹೆಸರದು. ಊರಿಗೆ ಮರಳಿದ ಮೇಲೆ ಸಿಕ್ಕಷ್ಟು ಓದಿಕೊಂಡು, ಈ ಮಾಸಪತ್ರಿಕೆಯ ಓದುಗ ಬಂಧುಗಳೊಡನೆ, ಅದರಲ್ಲಿಯೂ ಹೆಣ್ಣುಮಕ್ಕಳಿರುವ ಮನೆಗಳವರೊಡನೆ, ಹಂಚಿಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಎರಡು ದಡ, ನಡುವೆ ಹರಿಯುವ ಕಡಲು

ಡೋವರಿನ ಬಂಡೆಗಳನ್ನು ಕಂಡವರು ಬೇಗ ಮರೆಯಲಾರರು. ಕಡಲಿನಿಂದ ನೇರವಾಗಿ ಎದ್ದು ನಿಂತ ಬೆಳ್ಳನೆಯ ಗೋಡೆಗಳು. ಕೆಲವೆಡೆ ಮುನ್ನೂರೈವತ್ತು ಅಡಿಗಳಷ್ಟು ಎತ್ತರ. ಶಾಲೆಯಲ್ಲಿ ನಾವು ‘ಸೀಮೆಸುಣ್ಣ’ ಎಂದು ಕರೆಯುತ್ತಿದ್ದೆವಲ್ಲ, ಆ ಜಾತಿಯ ಮೆದು ಸುಣ್ಣಗಲ್ಲೇ ಇಲ್ಲಿ ಬೆಟ್ಟವಾಗಿ ನಿಂತಿದೆ. ಜೀವಮಾನವೆಲ್ಲ ಕರಿಹಲಗೆಯ ಮುಂದೆ ಸವೆಸಿದ ನನ್ನಂಥ ಮೇಷ್ಟ್ರಿಗೆ ಆ ನೋಟ ಸ್ವಲ್ಪ ನಗು ತರಿಸಿತೆಂದೂ ಹೇಳಬೇಕು. ಕೋಟ್ಯಂತರ ವರ್ಷಗಳ ಹಿಂದೆ ಕಡಲಿನಲ್ಲಿ ಬದುಕಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪುಗಳು ತಳಕ್ಕಿಳಿದು, ಪದರದ ಮೇಲೆ ಪದರವಾಗಿ ಗಟ್ಟಿಗೊಂಡು ಆದ ಕಲ್ಲು ಅದು. ಬಿಳಿಯ ನಡುನಡುವೆ ಕಪ್ಪು ಚಕಮಕಿ ಕಲ್ಲಿನ ಸಾಲುಗಳಿವೆ. ಎದುರು ದಡದಲ್ಲಿ, ಫ್ರಾನ್ಸಿನ ಕಡೆ, ‘ಕಾಪ್ ಗ್ರೀ ನೇ’ ಎಂಬ ಬಂಡೆಗಳ ಭೂಶಿರವಿದೆ. ಆ ಹೆಸರಿನ ಅರ್ಥ ‘ಬೂದು ಮೂಗು’. ಹೆಸರಿಗೆ ತಕ್ಕಂತೆ ಅದರ ಕಲ್ಲಿನ ಬಣ್ಣ ಬೂದು. ಅದರ ನೆರೆಯಲ್ಲಿಯೇ ಡೋವರಿನ ಬಂಡೆಯ ಒಡಹುಟ್ಟಿದಂತಿರುವ ‘ಬಿಳಿ ಮೂಗು’ ಎಂಬ ಮತ್ತೊಂದು ಭೂಶಿರವೂ ಇದೆ. ಒಂದು ಕಾಲದಲ್ಲಿ ಇವೆರಡೂ ತೀರಗಳು ಒಂದೇ ಸುಣ್ಣಗಲ್ಲಿನ ದಿಬ್ಬದಿಂದ ಕೂಡಿಕೊಂಡಿದ್ದವು, ಹಿಮಯುಗದ ನೀರು ಉಕ್ಕಿ ಹರಿದು ಆ ದಿಬ್ಬವನ್ನು ಕಡಿದುಹಾಕಿತು ಎಂಬುದು ಭೂವಿಜ್ಞಾನಿಗಳ ಅಭಿಪ್ರಾಯ.

ಎರಡು ದಡಗಳ ನಡುವಿನ ನೇರ ಅಂತರ ಸುಮಾರು 21 ಮೈಲಿ, ಅಂದರೆ 33 ಕಿಲೋಮೀಟರಿಗೆ ತುಸು ಹೆಚ್ಚು. ಇದೇ ಇಂಗ್ಲಿಷ್ ಕಡಲ್ಗಾಲುವೆಯ ಅತ್ಯಂತ ಕಿರಿದಾದ ಭಾಗ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಅರ್ಧದಾರಿಗೂ ಹೆಚ್ಚು ಹಿಂದಿರುಗಿದಷ್ಟು ದೂರ. ಲೆಕ್ಕಕ್ಕೆ ಇಷ್ಟೇ. ಆದರೆ ಈ ಕಡಲು ಯಾರನ್ನೂ ನೇರವಾಗಿ ದಾಟಗೊಡುವುದಿಲ್ಲ.

ಕಾರಣವೇನೆಂದರೆ, ಇಲ್ಲಿ ನೀರು ಮೇಲೇರಿ ಕೆಳಗಿಳಿಯುವುದಷ್ಟೇ ಅಲ್ಲ, ಪಕ್ಕಕ್ಕೆ ಹರಿಯುತ್ತದೆ. ಉಬ್ಬರದ ಹೊತ್ತಿನಲ್ಲಿ ಸುಮಾರು ಆರು ಗಂಟೆ ಈಶಾನ್ಯದ ಕಡೆಗೆ, ಇಳಿತದ ಹೊತ್ತಿನಲ್ಲಿ ಮತ್ತೆ ಸುಮಾರು ಆರು ಗಂಟೆ ನೈಋತ್ಯದ ಕಡೆಗೆ. ಮಳೆಗಾಲದ ಹೊಳೆಯನ್ನು ದಾಟುವವನು ಎದುರಿನ ಮೆಟ್ಟಿಲಿಗೆ ಗುರಿಯಿಟ್ಟು ಹೊರಟು ಎಷ್ಟೋ ಕೆಳಗೆ ಹೋಗಿ ದಡ ಸೇರುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿಯ ಹೊಳೆ ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ಆದ್ದರಿಂದ ಈಜಿದವರ ದಾರಿಯನ್ನು ನಕ್ಷೆಯ ಮೇಲೆ ಗುರುತಿಸಿದರೆ ಅದು ಹಾವು ಹರಿದಂತೆ ಕಾಣುತ್ತದೆ. ಪ್ರವಾಹದ ವೇಗ ಮನುಷ್ಯನ ಈಜಿನ ವೇಗವನ್ನೂ ಮೀರುವ ಹೊತ್ತುಂಟು. ಆಗ ಎಂಥ ಗಟ್ಟಿಗನಾದರೂ ಪ್ರವಾಹಕ್ಕೆ ಎದುರಾಗಿ ಈಜಿದರೆ ಇದ್ದಲ್ಲಿಯೇ ಇರುತ್ತಾನೆ, ಇಲ್ಲವೆ ಹಿಂದಕ್ಕೆ ಹೋಗುತ್ತಾನೆ.

ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಈ ಪ್ರವಾಹದ ಜೋರು ಹೆಚ್ಚು. ಅಷ್ಟಮಿ ಕಳೆದ ಒಂದೆರಡು ದಿನಗಳಲ್ಲಿ ಅತಿ ಕಡಿಮೆ. ಬಿತ್ತನೆಗೆ ಹದ ಇರುವಂತೆ ಈ ಕಡಲಿಗೂ ಒಂದು ಹದ ಇದೆ. ಒಕ್ಕಲಿಗ ಮೋಡ ನೋಡುವಂತೆ ಈಜುಗಾರ ಚಂದ್ರನನ್ನು ನೋಡಬೇಕು, ಗಾಳಿಯನ್ನು ನೋಡಬೇಕು, ಗಡಿಯಾರವನ್ನೂ ನೋಡಬೇಕು. ಇದಲ್ಲದೆ ನೀರಿನ ತಂಪು ಬೇರೆ. ಬೇಸಿಗೆಯ ಕೊನೆಯಲ್ಲಿಯೂ ಅದು ಸುಮಾರು 15ರಿಂದ 18 ಡಿಗ್ರಿ. ನಮ್ಮ ಮೈಗೆ ಮೊದಲ ಐದು ನಿಮಿಷ ಅದು ಹಿತವೆನಿಸೀತು. ಆದರೆ ಗಂಟೆಗಟ್ಟಲೆ ಅದರಲ್ಲಿದ್ದರೆ ಮೈಯ ಒಳಗಿನ ಶಾಖವೇ ಸೋರಿಹೋಗಿ ಬೆರಳು ಮರಗಟ್ಟುತ್ತವೆ, ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ತನಗೆ ಏನಾಗುತ್ತಿದೆ ಎಂಬುದು ಈಜುವವನಿಗೇ ತಿಳಿಯದ ಸ್ಥಿತಿ ಅದು. ಮೈಗೆ ಬಳಿದುಕೊಳ್ಳುವ ಜಿಡ್ಡಿನ ಲೇಪ ಚಳಿಯನ್ನು ತಡೆಯುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ವಾಸ್ತವವಾಗಿ ಉಪ್ಪುನೀರಿನಲ್ಲಿ ಕಂಕುಳು, ಕೊರಳುಗಳ ಚರ್ಮ ಉಜ್ಜಿ ಹುಣ್ಣಾಗದಂತೆ ಅದು ಕಾಪಾಡುತ್ತದೆ, ಅಷ್ಟೆ.

ಈಜುಗಾರನ ಜೊತೆಗೆ ಒಂದು ದೋಣಿ ಇರುತ್ತದೆ. ದಾರಿ ತೋರಿಸುವುದು, ಆಹಾರ ಕೊಡುವುದು, ಪ್ರಾಣಾಪಾಯವಾದರೆ ಎತ್ತಿಕೊಳ್ಳುವುದು ಅದರ ಕೆಲಸ. ಆಹಾರವನ್ನು ಕೋಲಿನ ತುದಿಗೆ ಕಟ್ಟಿ ಅಥವಾ ಹಗ್ಗಕ್ಕೆ ಬಿಗಿದು ಚಾಚುತ್ತಾರೆ. ಈಜುವವರು ದೋಣಿಯನ್ನು ಹಿಡಿಯುವಂತಿಲ್ಲ, ದೋಣಿಯವರು ಈಜುವವರನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಅಲ್ಲಿಗೆ ಆಟ ಮುಗಿಯಿತು. ಇದು ಬಹಳ ಹಳೆಯ, ಬಹಳ ಕಟ್ಟುನಿಟ್ಟಿನ ನಿಯಮ.

ಮೊದಲು ದಾಟಿದವರು

ಈ ನಿಯಮಗಳಂತೆ ಯಾರ ಆಸರೆಯೂ ಇಲ್ಲದೆ ಕಾಲುವೆಯನ್ನು ಮೊದಲಿಗೆ ದಾಟಿದವನು ಇಂಗ್ಲೆಂಡಿನ ಕ್ಯಾಪ್ಟನ್ ಮ್ಯಾಥ್ಯೂ ವೆಬ್. 1875ರ ಆಗಸ್ಟ್ 12ರಂದು ಹೊರಟ ಆತ ಗಾಳಿಯ ಆರ್ಭಟಕ್ಕೆ ಸೋತು ದೋಣಿಯೇರಿದ. ಹನ್ನೆರಡು ದಿನ ಕಳೆದು ಮತ್ತೆ ಡೋವರಿನಿಂದ ಧುಮುಕಿದ. ಫ್ರಾನ್ಸಿನ ಬೂದು ಮೂಗಿನ ಹತ್ತಿರ ಬಂದ ಮೇಲೆ ಪ್ರವಾಹ ಆತನನ್ನು ಐದು ಗಂಟೆಗಳ ಕಾಲ ದಡ ಮುಟ್ಟಗೊಡಲಿಲ್ಲ. ಕೊನೆಗೆ 21 ಗಂಟೆ 45 ನಿಮಿಷಗಳ ಮೇಲೆ ಕ್ಯಾಲೆ ಊರಿನ ಮರಳಿನ ಮೇಲೆ ನಿಂತ. ಆ ಬಳಿಕ ಎರಡನೆಯವನು ದಾಟಲು 1911ರವರೆಗೆ, ಮೂವತ್ತಾರು ವರ್ಷ, ಕಾಯಬೇಕಾಯಿತು ಎಂದರೆ ಈ ಕೆಲಸದ ಕಾಠಿಣ್ಯ ತಿಳಿದೀತು. ಅದೇ ವೆಬ್ 1883ರಲ್ಲಿ ಅಮೆರಿಕೆಯ ನಯಾಗರಾ ಜಲಪಾತದ ಕೆಳಗಿನ ಸುಳಿಗಳನ್ನು ಈಜಿ ದಾಟುತ್ತೇನೆಂದು ಹೊರಟು ಪ್ರಾಣ ಕಳೆದುಕೊಂಡ. ಮೊದಲ ಸಲ ಗಾಳಿಗೆ ತಲೆಬಾಗಿ ದೋಣಿಯೇರಿದ್ದ ವಿವೇಕ ಆ ದಿನ ಆತನ ಬಳಿ ಇರಲಿಲ್ಲವೆಂದು ನನಗೆ ತೋರುತ್ತದೆ.

ಸ್ತ್ರೀಯರಲ್ಲಿ ಮೊದಲಿಗಳು ಅಮೆರಿಕೆಯ ಗರ್ಟ್ರೂಡ್ ಎಡರ್ಲಿ, ನ್ಯೂಯಾರ್ಕಿನ ಒಬ್ಬ ಸಾಮಾನ್ಯ ವ್ಯಾಪಾರಿಯ ಮಗಳು. 1925ರಲ್ಲಿ ಆಕೆ ಈಜುತ್ತಿದ್ದಾಗ, ದಣಿದಿದ್ದಾಳೆಂದು ಭಾವಿಸಿ ತರಬೇತುದಾರ ಇನ್ನೊಬ್ಬ ಈಜುಗಾರನಿಂದ ಆಕೆಯನ್ನು ಹಿಡಿಸಿದ. ಮುಟ್ಟಿದ್ದರಿಂದ ಆ ಪ್ರಯತ್ನ ಅಲ್ಲಿಗೇ ನಿಂತಿತು. ತಾನು ಮುಂದುವರಿಯಬಲ್ಲವಳಾಗಿದ್ದೆ ಎಂಬ ಅಸಮಾಧಾನ ಆಕೆಗಿತ್ತು. ಮರುವರ್ಷ, 1926ರ ಆಗಸ್ಟ್ 6ರಂದು, ಸುಮಾರು ಹದಿನಾಲ್ಕೂವರೆ ಗಂಟೆಗಳಲ್ಲಿ ದಾಟಿದಳು. ಅಲ್ಲಿಯವರೆಗೆ ದಾಟಿದ್ದ ಗಂಡಸರೆಲ್ಲರಿಗಿಂತ ಅದು ಹೆಚ್ಚುಕಡಿಮೆ ಎರಡು ಗಂಟೆ ಕಡಿಮೆ!

ಇನ್ನೊಬ್ಬಾಕೆ ಫ್ಲಾರೆನ್ಸ್ ಚಾಡ್ವಿಕ್. ಈ ಕಾಲುವೆಯನ್ನು ಎರಡೂ ದಿಕ್ಕುಗಳಿಂದ ದಾಟಿದ ಪ್ರಥಮ ಮಹಿಳೆ. ಆದರೆ 1952ರಲ್ಲಿ ತನ್ನದೇ ಕ್ಯಾಲಿಫೋರ್ನಿಯಾದ ಕಡಲಿನಲ್ಲಿ, ಕ್ಯಾಟಲೀನಾ ದ್ವೀಪದಿಂದ ಹೊರಟು ಹದಿನೈದು ಗಂಟೆಗಳಿಗೂ ಮಿಗಿಲಾಗಿ ಈಜಿ, ದಡ ಇನ್ನೊಂದು ಮೈಲಿಯೂ ಇಲ್ಲದಿರುವಾಗ ಕೈಚೆಲ್ಲಿದಳು. ಕಾರಣ ಮಂಜು. ಕಣ್ಣಿಗೆ ದಡ ಕಂಡಿದ್ದರೆ ತಲುಪುತ್ತಿದ್ದೆನೆಂದು ಆಕೆ ಹೇಳಿದ ಮಾತು ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಎರಡು ತಿಂಗಳ ಮೇಲೆ ಆಕೆ ಮರಳಿ ಹೋಗಿ ಅದೇ ಕಡಲನ್ನು ದಾಟಿದಳು.

ನಮ್ಮ ದೇಶದವರಲ್ಲಿ ಮೊದಲಿಗರು ಬಂಗಾಳದ ಬ್ಯಾರಿಸ್ಟರ್ ಮಿಹಿರ್ ಸೇನ್. ಹಲವು ವಿಫಲ ಪ್ರಯತ್ನಗಳ ತರುವಾಯ 1958ರ ಸೆಪ್ಟೆಂಬರ್ 27ರಂದು ಅವರು ದಾಟಿದರು. ಅದೇ ವರ್ಷ, ಆಗ ಪೂರ್ವ ಪಾಕಿಸ್ತಾನವಾಗಿದ್ದ ಬಂಗಾಳದ ಬ್ರಜೇನ್ ದಾಸ್ ಕೂಡ ಕಾಲುವೆಯ ಸ್ಪರ್ಧೆಯಲ್ಲಿ ಗಂಡಸರ ಪೈಕಿ ಮೊದಲಿಗರಾಗಿದ್ದರು. ಆರತಿಯ ಕಥೆ ಆರಂಭವಾಗುವುದು ಇಲ್ಲಿಂದಲೇ.

ಘಾಟಿನಿಂದ ಕಡಲಿಗೆ

ಆರತಿ ಹುಟ್ಟಿದ್ದು 1940ರ ಸೆಪ್ಟೆಂಬರ್ 24ರಂದು, ಉತ್ತರ ಕಲಕತ್ತೆಯ ಒಂದು ಮಧ್ಯಮ ವರ್ಗದ ಮನೆಯಲ್ಲಿ. ಎರಡೂವರೆ ವರ್ಷದ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಬೆಳೆಸಿದವರು ಅಜ್ಜಿ. ನಾಲ್ಕು ವರ್ಷದ ಹುಡುಗಿ ಚಿಕ್ಕಪ್ಪನ ಜೊತೆ ಸ್ನಾನಕ್ಕೆಂದು ಹೂಗ್ಲಿ ನದಿಯ ಚಾಂಪಾತಲಾ ಘಾಟಿಗೆ ಹೋಗುತ್ತ, ಹೋಗುತ್ತ, ಅಲ್ಲಿಯೇ ಈಜು ಕಲಿತಳು. ಮಗುವಿನ ಒಲವನ್ನು ಕಂಡ ತಂದೆ ಅವಳನ್ನು ಹಾಟ್‌ಖೋಲಾ ಈಜು ಸಂಘಕ್ಕೆ ಸೇರಿಸಿದರು. ಐದು ವರ್ಷಕ್ಕೇ ಸ್ಪರ್ಧೆಯೊಂದರಲ್ಲಿ ಚಿನ್ನದ ಪದಕ! 1951ರ ಏಷ್ಯಾ ಕ್ರೀಡಾಕೂಟದಲ್ಲಿ ಭಾರತಕ್ಕೆ ಈಜಿನಲ್ಲಿ ಚಿನ್ನ ತಂದ ಸಚಿನ್ ನಾಗ್ ಅವಳ ಗುರುಗಳಾದರು. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿಗೆ ಭಾರತ ಕಳುಹಿಸಿದ ನಾಲ್ವರು ಮಹಿಳೆಯರಲ್ಲಿ ಆರತಿ ಒಬ್ಬಳು. ಅವಳಿಗೆ ಆಗ ಇನ್ನೂ ಹನ್ನೆರಡು ತುಂಬಿರಲಿಲ್ಲ. ಪದಕ ಬರಲಿಲ್ಲ, ಬರುವ ನಿರೀಕ್ಷೆಯೂ ಇರಲಿಲ್ಲ.

ತಾಯಿಯಿಲ್ಲದ ಹೆಣ್ಣುಮಗುವನ್ನು ನೀರಿಗೆ ಬಿಟ್ಟ ಆ ತಂದೆಯನ್ನೂ ಅಜ್ಜಿಯನ್ನೂ ನೆನೆದಾಗ ನಮ್ಮ ಕಡೆಯ ಒಂದು ಪ್ರಸಂಗ ನನ್ನ ಕಣ್ಣೆದುರು ಬರುತ್ತದೆ. ನಮ್ಮೂರ ಗಂಡುಹುಡುಗರೆಲ್ಲ ಬಾವಿಗೆ ಬಿದ್ದು ಈಜು ಕಲಿತೆವು. ಹೆಣ್ಣುಮಕ್ಕಳನ್ನು ಬಾವಿಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಆದರೆ ನೀರು ಸೇದುವವರು ಅವರೇ, ಬಟ್ಟೆ ಒಗೆಯುವವರು ಅವರೇ! ನಾನು ಹೈಸ್ಕೂಲಿನಲ್ಲಿದ್ದಾಗ ಕಾಲುವೆಯಲ್ಲಿ ಅರಿವೆ ಒಗೆಯುತ್ತಿದ್ದ ಒಬ್ಬ ಹುಡುಗಿ ಕಾಲು ಜಾರಿ ಬಿದ್ದಳು. ದಂಡೆಯ ಮೇಲೆ ಏಳೆಂಟು ಹೆಂಗಸರಿದ್ದರು. ಕೂಗಿದರು, ಸೀರೆಯ ಸೆರಗು ಎಸೆದರು. ನೀರಿಗಿಳಿಯಬಲ್ಲವರು ಒಬ್ಬರೂ ಇರಲಿಲ್ಲ. ಹೊಲದಿಂದ ಗಂಡಸರು ಓಡಿಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಆಕೆ ನನ್ನ ತಂಗಿಯ ಓರಗೆಯವಳು. ತೊಂಬತ್ತು ವಯಸ್ಸಿನವರೆಗೂ ಬಾಳಿದ ಆಕೆಯ ತಾಯಿ ಕೊನೆಯವರೆಗೆ ಆ ಕಾಲುವೆಯ ದಾರಿ ತುಳಿಯಲಿಲ್ಲ. ಇರಲಿ, ಕಥೆಗೆ ಮರಳೋಣ.

ಬ್ರಜೇನ್ ದಾಸರ ಗೆಲುವಿಗೆ ಆರತಿ ಅಭಿನಂದನೆ ಬರೆದು ಕಳಿಸಿದರು. ಅವರು ಸುಮ್ಮನೆ ಧನ್ಯವಾದ ಹೇಳಿ ಬಿಡದೆ, ಮರುವರ್ಷದ ಸ್ಪರ್ಧೆಗೆ ಈ ಹುಡುಗಿಯ ಹೆಸರನ್ನೇ ಸಂಘಟಕರಿಗೆ ಸೂಚಿಸಿದರು. ಮಿಹಿರ್ ಸೇನ್ ಬೆಂಬಲಕ್ಕೆ ನಿಂತರು. ಹಣದ ಅಡಚಣೆ ದೊಡ್ಡದಿತ್ತು. ಬಂಗಾಳದ ಮುಖ್ಯಮಂತ್ರಿ ಡಾ. ಬಿಧಾನ್ ಚಂದ್ರ ರಾಯ್ ಅವರು ಮುತುವರ್ಜಿ ವಹಿಸಿದರು. ಪ್ರಧಾನಿ ನೆಹರೂ ಅವರ ಉತ್ತೇಜನವೂ ದೊರೆಯಿತು. ಡಾ. ಅರುಣ್ ಗುಪ್ತ ಎಂಬುವರು ಎಲ್ಲ ಓಡಾಟದ ಹೊಣೆ ಹೊತ್ತರು. ಮುಂದೆ ಆರತಿಯವರ ಬಾಳಸಂಗಾತಿಯಾದವರೂ ಅವರೇ. ಕಡಲಿಲ್ಲದ ಊರಿನಲ್ಲಿ ಕಡಲಿನ ತಾಲೀಮು ಹೇಗೆ? ಕಲಕತ್ತೆಯ ದೇಶಬಂಧು ಉದ್ಯಾನದ ಕೆರೆಯಲ್ಲಿ 1959ರ ಏಪ್ರಿಲ್ 13ರಂದು ಎಂಟು ಗಂಟೆ ಬಿಡದೆ ಈಜಿದರು. ಆಮೇಲೆ ಹದಿನಾರು ಗಂಟೆ. ಸುತ್ತ ಜಾತ್ರೆಯಂತೆ ಜನ. ಜುಲೈ 24ರಂದು ಇಂಗ್ಲೆಂಡಿಗೆ ಪ್ರಯಾಣ.

ಕೆರೆಯಲ್ಲಿ ಎಷ್ಟೇ ಈಜಿದರೂ ಅಲ್ಲಿಯ ಬೆಚ್ಚನೆಯ ನೀರು ಡೋವರಿನ ಚಳಿಯನ್ನು ಕಲಿಸಲಾರದು. ಆಗಸ್ಟ್ 13ರಿಂದ ಕಾಲುವೆಯ ನೀರಿನಲ್ಲಿಯೇ ಅಭ್ಯಾಸ ತೊಡಗಿತು. ಸ್ಪರ್ಧೆಗೆ ಉಳಿದದ್ದು ಕೇವಲ ಎರಡು ವಾರ.

ನಲವತ್ತು ನಿಮಿಷ

1959ರ ಆಗಸ್ಟ್ 27. ಇಪ್ಪತ್ತಮೂರು ದೇಶಗಳಿಂದ ಬಂದ ಐವತ್ತೆಂಟು ಮಂದಿ ಈಜುಗಾರರು, ಅವರಲ್ಲಿ ಐವರು ಮಾತ್ರ ಹೆಂಗಸರು. ಫ್ರಾನ್ಸಿನ ಬೂದು ಮೂಗಿನ ಬಂಡೆಗಳ ಕೆಳಗೆ ನಡುರಾತ್ರಿ ಕಳೆದು ಒಂದು ಗಂಟೆಗೆ ಸ್ಪರ್ಧೆಯ ಆರಂಭ. ಉಳಿದವರು ಕತ್ತಲೆಯಲ್ಲಿ ನೀರಿಗಿಳಿದರು. ಆರತಿಯವರ ದೋಣಿ ಮಾತ್ರ ಬಂದಿರಲಿಲ್ಲ. ದೋಣಿಯಿಲ್ಲದೆ ಹೊರಡುವಂತಿಲ್ಲ. ಆ ಬಂಡೆಗಳ ಬುಡದಲ್ಲಿ, ಮೈಗೆ ಜಿಡ್ಡು ಬಳಿದುಕೊಂಡು, ಉಳಿದವರ ದೀಪಗಳು ದೂರವಾಗುವುದನ್ನು ನೋಡುತ್ತ ನಲವತ್ತು ನಿಮಿಷ ನಿಂತ ಹದಿನೆಂಟರ ಹುಡುಗಿಯ ಮನಸ್ಸನ್ನು ಓದುಗರೇ ಊಹಿಸಿಕೊಳ್ಳಬೇಕು.

ನಲವತ್ತು ನಿಮಿಷ ಎಂದರೆ ಏನು ಮಹಾ ಎನ್ನಿಸೀತು. ಹುಬ್ಬಳ್ಳಿ ಜಂಕ್ಷನ್ನಿಗೆ ನಲವತ್ತು ನಿಮಿಷ ತಡವಾಗಿ ಬಂದವನಿಗೆ ಕೇಳಿ. ಮುಂದಿನ ಗಾಡಿ ಹೋಗಿಬಿಟ್ಟಿರುತ್ತದೆ, ಅವನ ನಲವತ್ತು ನಿಮಿಷ ಇಡೀ ಒಂದು ದಿನವನ್ನು ನುಂಗುತ್ತದೆ. ಕಾಲುವೆಯ ಪ್ರವಾಹವೂ ಹಾಗೆಯೇ ವೇಳೆಗೆ ಸರಿಯಾಗಿ ಹೊರಡುವ ಗಾಡಿ. ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ ಆರತಿಯವರು ಸುತ್ತುದಾರಿಯಲ್ಲಿ ನಲವತ್ತು ಮೈಲಿಗೂ ಹೆಚ್ಚು ಈಜಿದ್ದರು. ಇಂಗ್ಲೆಂಡಿನ ದಡ ಐದೇ ಮೈಲಿ. ಅಷ್ಟರಲ್ಲಿ ಎದುರು ದಿಕ್ಕಿನ ಪ್ರವಾಹ ಆರಂಭವಾಯಿತು. ಹನ್ನೊಂದರಿಂದ ಸಂಜೆ ನಾಲ್ಕರವರೆಗೆ, ಐದು ಗಂಟೆ ಕೈಕಾಲು ಬಡಿದು, ಅವರು ಸಾಗಲು ಸಾಧ್ಯವಾದದ್ದು ಸುಮಾರು ಎರಡು ಮೈಲಿ. ಬಿಳಿಯ ಬಂಡೆಗಳು ಎದುರಿಗೇ ಇದ್ದವು. ಚಾಡ್ವಿಕ್ಕಳಿಗೆ ದಡ ಕಾಣದೆ ಸೋಲಾಯಿತು. ಈಕೆಗೆ ಬಂದದ್ದು ದಡ ಅಷ್ಟು ಹತ್ತಿರವಿದ್ದೂ ಸೋಲುವ ಗಳಿಗೆ. ಕೊನೆಗೆ ದೋಣಿಯ ಚಾಲಕನ ಒತ್ತಾಯಕ್ಕೆ ಮಣಿದು ನೀರಿನಿಂದ ಹೊರಬರಬೇಕಾಯಿತು.

ಈ ಘಟ್ಟದಲ್ಲಿ ಚಾಲಕನನ್ನು ದೂಷಿಸುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಹದಿನಾಲ್ಕು ಗಂಟೆ ತಣ್ಣೀರಿನಲ್ಲಿದ್ದವರ ಮಾತನ್ನು ಅವರ ಹಿತಕ್ಕಾಗಿಯೇ ಪೂರ್ತಿ ನಂಬುವಂತಿಲ್ಲ. ಇನ್ನೂ ಸ್ವಲ್ಪ ತಡೆದಿದ್ದರೆ ಆಗುತ್ತಿತ್ತೇನೋ ಎಂಬುದು ದಡದಲ್ಲಿ ಕುಳಿತವರ ಲೆಕ್ಕ. ಹತ್ತಿರದವರನ್ನು ಹಟದಿಂದ ಹೊರಕ್ಕೆಳೆಯುವ ಕೈಯೂ ಒಂದು ಬಗೆಯ ಪ್ರೀತಿಯ ಕೈಯೇ. ಎಡರ್ಲಿಯ ತರಬೇತುದಾರ ಮಾಡಿದ್ದು ಸರಿಯೋ ತಪ್ಪೋ ಎಂಬ ವಾದವಂತೂ ನೂರು ವರ್ಷ ಕಳೆದರೂ ಮುಗಿದಿಲ್ಲ.

ಎರಡನೆಯ ಸಲ

ಹಿಂದಿರುಗಿ ಕಲಕತ್ತೆಗೆ ಹೋಗಬಹುದಿತ್ತು. ಸ್ಪರ್ಧೆ ಮುಗಿದಿತ್ತು, ಚಳಿ ಹೆಚ್ಚುತ್ತಿತ್ತು, ಕಾಲುವೆ ಈಜುವ ಋತುವೇ ಕೊನೆಗೊಳ್ಳುತ್ತಿತ್ತು. ಆರತಿಯವರು ಅಲ್ಲಿಯೇ ಉಳಿದರು. ಮತ್ತೆ ಅಭ್ಯಾಸ, ಮತ್ತೆ ಗಾಳಿ ಮಳೆಗಳ ಕಾಯುವಿಕೆ. ಸೆಪ್ಟೆಂಬರ್ 24ರಂದು ಹತ್ತೊಂಬತ್ತು ತುಂಬಿತು. ಐದು ದಿನಗಳ ಮೇಲೆ, ಸೆಪ್ಟೆಂಬರ್ 29ರಂದು, ಅದೇ ಬೂದು ಮೂಗಿನ ಬಂಡೆಗಳ ಕೆಳಗಿನಿಂದ ಎರಡನೆಯ ಸಲ ನೀರಿಗಿಳಿದರು. ಈ ಬಾರಿ ಸ್ಪರ್ಧೆಯಿಲ್ಲ, ಪಕ್ಕದಲ್ಲಿ ಬೇರೆ ಈಜುಗಾರರಿಲ್ಲ. ಒಬ್ಬಳೇ ಹುಡುಗಿ, ಒಂದು ದೋಣಿ.

ಪಂಚಾಂಗ ನೋಡುವ ಚಟವಿರುವ ನಾನು ಆ ದಿನದ ತಿಥಿಯನ್ನು ಲೆಕ್ಕ ಹಾಕಿ ನೋಡಿದೆ. 1959ರ ಅಕ್ಟೋಬರ್ 2ರಂದು ಮಹಾಲಯ ಅಮಾವಾಸ್ಯೆ. ಅಂದು ಸೂರ್ಯಗ್ರಹಣವೂ ಆಗಿತ್ತು. ಅಂದರೆ ಆರತಿಯವರು ನೀರಿಗಿಳಿದದ್ದು ಅಮಾವಾಸ್ಯೆಗೆ ಮೂರೇ ದಿನ ಮೊದಲು, ಪ್ರವಾಹದ ಜೋರು ದಿನದಿನಕ್ಕೆ ಏರುತ್ತಿದ್ದಾಗ. ಅಷ್ಟಮಿಯ ಆಸುಪಾಸಿನ ಶಾಂತವಾದ ನೀರು ಆಗಲೇ ಕೈಬಿಟ್ಟು ಹೋಗಿತ್ತು. ಇನ್ನೂ ಕಾದರೆ ಋತುವೇ ಇಲ್ಲ. ಪೂರ್ತಿ ಹದವಾದ ದಿನ ಎಲ್ಲರ ಪಾಲಿಗೂ ಬರುವುದಿಲ್ಲ.

ಆ ದಿನ ಆಕೆ ನೀರಿನಲ್ಲಿ ಇದ್ದದ್ದು 16 ಗಂಟೆ 20 ನಿಮಿಷ. ಸೆಪ್ಟೆಂಬರ್ ಕೊನೆಯಲ್ಲಿ ಹಗಲು ಹನ್ನೆರಡು ಗಂಟೆಗಿಂತ ಹೆಚ್ಚಿರುವುದಿಲ್ಲ. ಆದ್ದರಿಂದ ಕಡಿಮೆಯೆಂದರೂ ನಾಲ್ಕು ಗಂಟೆ ಕತ್ತಲೆಯಲ್ಲಿಯೇ ಈಜಿರಬೇಕು. ಅಲೆಗಳ ಜೊತೆ ಹೋರಾಡಿ, ಹೋಗಿ ಬಂದು, ತಿರುಗಿ ಸುತ್ತಿ, ಒಟ್ಟು ಕ್ರಮಿಸಿದ ದಾರಿ 42 ಮೈಲಿ. ನೇರ ಅಂತರದ ಸರಿಯಾಗಿ ಇಮ್ಮಡಿ. ದಡ ಮುಟ್ಟಿದ್ದು ಡೋವರಿನಲ್ಲಲ್ಲ, ಅಲ್ಲಿಂದ ಪಶ್ಚಿಮಕ್ಕೆ, ಫೋಕ್‌ಸ್ಟೋನ್ ಪಟ್ಟಣದ ಆಚೆಗಿರುವ ಸ್ಯಾಂಡ್‌ಗೇಟ್ ಎಂಬ ಸಣ್ಣ ಊರಿನಲ್ಲಿ. ದಡಕ್ಕೆ ಬಂದ ಮೇಲೆ ಭಾರತದ ತ್ರಿವರ್ಣ ಧ್ವಜವನ್ನು ಏರಿಸಿದರು. ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಏಷ್ಯಾ ಖಂಡದ ಪ್ರಥಮ ಮಹಿಳೆ!

ಮೊದಲು ಅಭಿನಂದಿಸಿದವರು ಆಗ ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿಜಯಲಕ್ಷ್ಮಿ ಪಂಡಿತ್. ಮರುದಿನ ಆಕಾಶವಾಣಿಯಲ್ಲಿ ಸುದ್ದಿ ಬಿತ್ತರವಾಯಿತು. 1960ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಆ ಗೌರವ ಪಡೆದ ದೇಶದ ಮೊದಲ ಕ್ರೀಡಾಪಟು ಮಹಿಳೆ ಅವರೇ. ಆಮೇಲೆ ಅವರು ಸಂಸಾರಸ್ಥೆಯಾಗಿ, ರೈಲ್ವೆಯ ನೌಕರಿಯಲ್ಲಿದ್ದು, ಸದ್ದುಗದ್ದಲವಿಲ್ಲದೆ ಬಾಳಿದರು. 1994ರ ಆಗಸ್ಟ್ 23ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ಕಾಮಾಲೆಯಿಂದ ತೀರಿಕೊಂಡರು. 1999ರಲ್ಲಿ ಅಂಚೆ ಇಲಾಖೆ ಅವರ ಸ್ಮರಣಾರ್ಥ ಮೂರು ರೂಪಾಯಿಯ ಅಂಚೆಚೀಟಿ ಹೊರಡಿಸಿತು. 2020ರಲ್ಲಿ ಅವರ ಎಂಬತ್ತನೆಯ ಜನ್ಮದಿನದಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಬರೆಸಿದಾಗ, ಯಾರಿವರೆಂದು ನಮ್ಮ ಮೊಮ್ಮಗಳು ನನ್ನನ್ನು ಫೋನಿನಲ್ಲಿ ಕೇಳಿದ್ದಳು. ಅವಳು ವಾರಕ್ಕೆ ಮೂರು ದಿನ ಈಜುಕೊಳಕ್ಕೆ ಹೋಗುತ್ತಾಳೆ. ಅವಳಿಗೆ ಈಜು ಕಲಿಸಲೇಬೇಕೆಂದು ಹಟ ಹಿಡಿದವಳು ಅವಳ ಅಜ್ಜಿ. ಕಾಲುವೆಯ ದಂಡೆಯ ಮೇಲೆ ಅಂದು ಸೆರಗು ಎಸೆದ ಹೆಂಗಸರಲ್ಲಿ ನನ್ನಾಕೆಯ ತಾಯಿಯೂ ಒಬ್ಬರಾಗಿದ್ದರು.

ಈಗ ಕಾಲುವೆಯನ್ನು ಒಮ್ಮೆ ದಾಟುವವರು ಇಂಗ್ಲೆಂಡಿನ ಕಡೆಯಿಂದಲೇ ಹೊರಡುತ್ತಾರೆ. ತನ್ನ ದಡದಿಂದ ಈಜು ಆರಂಭಿಸಲು ಫ್ರಾನ್ಸ್ ಅನುಮತಿ ಕೊಡುವುದಿಲ್ಲ. ಆದ್ದರಿಂದ ಆರತಿಯವರು ಬಂದ ದಾರಿಯಲ್ಲಿ ಈಜಿ ಬಂದು ಸ್ಯಾಂಡ್‌ಗೇಟಿನ ದಡ ಹತ್ತುವವರು ಈಗ ಕಾಣಸಿಗುವುದು ಅಪರೂಪ.

ಡೋವರಿನಿಂದ ಹಿಂದಿರುಗುವಾಗ ನಮ್ಮ ಒತ್ತಾಯಕ್ಕೆ ಮಗ ಕಾರನ್ನು ಸ್ಯಾಂಡ್‌ಗೇಟಿನತ್ತ ತಿರುಗಿಸಿದ. ಆರತಿಯವರ ಹೆಸರಿನ ಫಲಕವೇನಾದರೂ ಇದೆಯೇ ಎಂದು ದಂಡೆಯುದ್ದಕ್ಕೂ ನೋಡಿದೆವು. ನಮ್ಮ ಕಣ್ಣಿಗೆ ಬೀಳಲಿಲ್ಲ. ಅಲ್ಲಿ ಮರಳಿಲ್ಲ. ದಂಡೆಯ ತುಂಬ ಮೊಟ್ಟೆಯಂಥ, ಮುಷ್ಟಿಯಂಥ ನುಣುಪು ಕಲ್ಲುಗಳು. ಕಾಲಿಟ್ಟರೆ ಜಾರುತ್ತವೆ, ನಿಂತರೆ ಅಂಗಾಲಿಗೆ ಒತ್ತುತ್ತವೆ. ನನ್ನಾಕೆ ಚಪ್ಪಲಿ ಕಳಚಿ, ಸೀರೆಯ ನಿರಿಗೆ ಎತ್ತಿಕೊಂಡು ನೀರಿನತ್ತ ಹತ್ತು ಹೆಜ್ಜೆ ಹಾಕಿ, ಮುಂದೆ ಹೋಗಲಾರದೆ ಅಲ್ಲಿಯೇ ಕುಳಿತುಬಿಟ್ಟಳು. ಎದುರಿನ ಬೂದು ಗೆರೆ ಆಗ ಮಬ್ಬಿನಲ್ಲಿ ಮರೆಯಾಗಿತ್ತು.

“ಹದಿನಾರು ತಾಸು ನೀರಾಗಿದ್ದು ಬಂದ ಕಾಲಲ್ರೀ ಅವು,” ಎಂದಳು. “ಈ ಕಲ್ಲಿನ ಮ್ಯಾಲ ಹೆಂಗ ನಿಂತಿದ್ದಾವು!”